ಉದ್ಯಮಬಾಗದ ಡ್ರಾಯಿಂಗ್ ಯಾರಿಗೆ ಬೇಕು?

ಸರ್, ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಾಗ ವಿಮಾನದ ಬಿಡಿಭಾಗ ಮಾಡೋ ಸಣ್ಣ ವರ್ಕ್‌ಶಾಪಿನ ಕಂಪ್ಯೂಟರಿಗೆ ಪರದೇಶದ ಸರ್ಕಾರ ಯಾಕ ಕೈ ಹಾಕ್ತದ ಅಂತ ಕೇಳೀರಿ. ಹಾಕ್ತದ್ರಿ. 2018ರ ಅಕ್ಟೋಬರ್‌ನಾಗ ಅಮೆರಿಕ ಹೊರಿಸಿದ ಆರೋಪ ನೋಡ್ರಿ: ಚೀನಾದ ಜಿಯಾಂಗ್ಸು ಪ್ರಾಂತ್ಯದ ಗುಪ್ತಚರರು 2010ರಿಂದ 2015ರ ತನಕ ಒಂದು ಟರ್ಬೋಫ್ಯಾನ್ (ವಿಮಾನದ ಒಂದು ಬಗೆಯ ಜೆಟ್) ಎಂಜಿನ್ನಿನ ಮಾಹಿತಿಗೆ ಬೆನ್ನುಹತ್ತಿದ್ದರಂತ. ಎಂಜಿನ್ನಿಗೆ ಬಿಡಿಭಾಗ ಕೊಡೋ ಕಂಪನಿಗಳನ್ನೂ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ಚೀನಾದ ಸರ್ಕಾರಿ ಕಂಪನಿಯೊಂದು ಅಂಥದ್ದೇ ಎಂಜಿನ್ ಮಾಡಾಕ ಹೊಂಟಿತ್ತು. ಸಂಶೋಧನೆಯ ಖರ್ಚು, ವರ್ಷಗಳು ಎರಡೂ ಉಳೀತಾವಲ್ಲ, ಅದಕ್ಕ.

ನಿಮ್ಮ ಹತ್ರ ಇರೋ ಟಾಲರನ್ಸ್ (ಅಳತೆಯಾಗ ಎಷ್ಟು ಹೆಚ್ಚುಕಮ್ಮಿ ನಡೀತದ ಅನ್ನೋದು), ಹೀಟ್ ಟ್ರೀಟ್‌ಮೆಂಟ್ (ಲೋಹ ಕಾಸಿ ಹದ ಮಾಡೋದು) ಲೆಕ್ಕ ಸಣ್ಣದಲ್ರಿ, ಗಿರಾಕಿ ಅದಕ್ಕಾಗಿ ಭಾಳ ಜೀವ ತೇದಿರ್ತಾನ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗ ಲೋಹ ಕೊರೆಯೋ ಯಂತ್ರ) ಪಕ್ಕದ ಕಂಪ್ಯೂಟರಿನ ಇಂಟರ್ನೆಟ್ ಮೊದಲ ತೆಗೀರಿ. ಡ್ರಾಯಿಂಗ್, ಅಂದ್ರ ಬಿಡಿಭಾಗದ ನಕ್ಷೆ, ವಾಟ್ಸಾಪ್‌ನಾಗ ಕಳಸೋದು ಇವತ್ತೇ ನಿಲ್ಲಿಸ್ರಿ.