ನೀರು ಬಿಟ್ರೆ ಶುಗರ್ ಬಿಡಲ್ಲ ಅಕ್ಕಾ

ಪ್ರಶ್ನೆ: ನನಗೆ 49 ವರ್ಷ, ಬೆಂಗಳೂರು. ಎರಡು ತಿಂಗಳಿಂದ ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳ್ಬೇಕು, ಬಾಯಿ ಒಣಗುತ್ತೆ. ಬಿಪಿ ಮಾತ್ರೆ ತಗೊಳ್ತೀನಿ. ಮಗಳ ನಿಶ್ಚಿತಾರ್ಥಕ್ಕೆ ರಾತ್ರಿ ಬಸ್ಸಲ್ಲಿ ಹುಬ್ಬಳ್ಳಿಗೆ ಹೋಗ್ಬೇಕು, ಅದಕ್ಕೆ ಈಗಿಂದ್ಲೇ ನೀರು ಕಡಿಮೆ ಮಾಡಿದೀನಿ. ಟೆಸ್ಟಲ್ಲಿ ಶುಗರ್ ಅಂತ ಬಂದು ಬೀಗರು ಹಿಂದೆ ಸರಿದ್ರೆ? ಮದುವೆ ಮುಗಿದ್ಮೇಲೆ ಮಾಡಿಸ್ಲಾ?

ಉತ್ತರ: ಅಕ್ಕಾ, ಮೊದಲು ಒಂದು ಲೋಟ ನೀರು ಕುಡೀರಿ. ನಿಮಗಿರೋದು ಶುಗರ್ರೇ ಆಗಿದ್ರೆ ನೀರು ಬಿಟ್ಟು ಏನೂ ನಿಲ್ಲಲ್ಲ, ಯಾಕಂದ್ರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ್ರೆ ಕಿಡ್ನಿಗೆ ಅಷ್ಟನ್ನೂ ವಾಪಸ್ ಹಿಡ್ಕೊಳ್ಳೋಕಾಗಲ್ಲ, ಅದು ಮೂತ್ರಕ್ಕೆ ಇಳಿಯುತ್ತೆ, ಇಳಿಯೋವಾಗ ಮೈಯಲ್ಲಿರೋ ನೀರನ್ನೂ ಎಳ್ಕೊಂಡೇ ಹೋಗುತ್ತೆ. ಬಾಯಿ ಒಣಗೋದು ಅದಕ್ಕೇ. ಮೇಲಿಂದ ನೀವೂ ನೀರು ಬಿಟ್ರೆ ತಲೆ ಸುತ್ತಿ ಬೀಳೋದೇ ಬಾಕಿ.

ಆದ್ರೆ ಶುಗರ್ರೇ ಅಂತ ಈಗ್ಲೇ ತೀರ್ಮಾನ ಬೇಡ. ಬಿಪಿ ಮಾತ್ರೆಗಳಲ್ಲಿ ಕೆಲವು ನೀರು ಹೊರಗೆ ಹಾಕೋಕೇ ಇರೋವು, ಅದನ್ನ ರಾತ್ರಿ ತಗೊಂಡ್ರೆ ನಿದ್ದೆ ಕೆಡೋದು ಸಹಜ. ಚೀಟಿ ಡಾಕ್ಟ್ರಿಗೆ ತೋರಿಸಿ, ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಆದ್ರೂ, ಕಿಡ್ನಿ ತೊಂದ್ರೆ ಇದ್ರೂ ಹೀಗಾಗ್ಬಹುದು. ಸಂಜೆ ಮೇಲೆ ಕಾಫಿ ಎಷ್ಟು ಲೋಟ ಅಂತ ನೀವು ಬರೆದಿಲ್ಲ, ನನಗಂತೂ ಅದರ ಮೇಲೂ ಡೌಟೇ.

ಇನ್ನೊಂದು, ಪದೇ ಪದೇ ಹೋಗೋದು ಬೇರೆ, ಜಾಸ್ತಿ ಹೋಗೋದು ಬೇರೆ. ಸ್ವಲ್ಪ ಸ್ವಲ್ಪ ಬಂದು ಉರಿ ಇದ್ರೆ ಇನ್ಫೆಕ್ಷನ್ ಇರ್ಬಹುದು. ಮನೇಲಿರೋ ಒಂದು ದಿನ ಹಳೇ ಅಳತೆ ಜಗ್ ಬಾತ್ರೂಮಲ್ಲಿಟ್ಕೊಳ್ಳಿ, ಬೆಳಿಗ್ಗೆ ಮೊದಲನೇದು ಬಿಟ್ಟು ಮಾರನೇ ದಿನದ ಮೊದಲನೇದನ್ನೂ ಸೇರಿಸಿ ಪ್ರತಿ ಸಲ ಅಳೆದು ಬರೀರಿ. 3 ಲೀಟರ್ ದಾಟಿದ್ರೆ ಅದು ನಿಜವಾಗ್ಲೂ ಜಾಸ್ತಿ. ಆ ಚೀಟಿ ನೋಡಿದ್ರೆ ಡಾಕ್ಟ್ರಿಗೆ ಅರ್ಧ ಕೆಲಸ ಕಮ್ಮಿ.

ಟೆಸ್ಟ್ ಮಾತ್ರ ಈ ವಾರಾನೇ. ಖಾಲಿ ಹೊಟ್ಟೇದು 126 ಅಥವಾ ಮೇಲೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ರಕ್ತದ ಟೆಸ್ಟ್) 6.5 ಅಥವಾ ಮೇಲೆ ಬಂದ್ರೆ ಶುಗರ್ ಅಂತಾರೆ, ಸಾಮಾನ್ಯವಾಗಿ ಇನ್ನೊಂದು ಸಲ ನೋಡಿ ಖಚಿತ ಮಾಡ್ತಾರೆ. ವಾಂತಿ, ತುಂಬಾ ಸುಸ್ತು, ಮಂಪರು ಬಂದ್ರೆ ವಾರ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಬೀಗರ ವಿಷ್ಯ. ರಿಪೋರ್ಟ್ ನಿಮ್ಮದು, ನಿಶ್ಚಿತಾರ್ಥದ ತಟ್ಟೇಲಿಟ್ಟು ಕೊಡೋದಲ್ಲ. ಮಗಳಿಗೆ ಮಾತ್ರ ಹೇಳಿ, ಮುಂದೆ ಅವಳೂ ಚೆಕ್ ಮಾಡಿಸ್ಕೊಳ್ತಿರ್ಬೇಕು. ಅಮ್ಮಂಗೆ ಶುಗರ್ ಅಂತ ಸಂಬಂಧ ಬೇಡ ಅನ್ನೋ ಮನೆ, ನಾಳೆ ನಿಮ್ಮ ಮಗಳಿಗೇ ಹುಷಾರಿಲ್ದಾಗ ಹೇಗೆ ನೋಡ್ಕೊಳ್ಳುತ್ತೆ ಹೇಳಿ?

ಆಮೇಲೆ ಆ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿ, ಹುಬ್ಬಳ್ಳಿಗೆ ರಾತ್ರಿ ರೈಲಿದೆ, ಟಾಯ್ಲೆಟ್ ಬೋಗೀಲೇ ಇರುತ್ತೆ, ಲೋಯರ್ ಬರ್ತ್ ಕೇಳಿ.