ಮೊದಲು ಎಲೆ ಮಗುಚಿ ನೋಡಿ

ಓದುಗರ ಪತ್ರ: ನಮ್ಮದು ಹೊಸನಗರ ತಾಲ್ಲೂಕು. ಹಿತ್ತಿಲಿನ ದಾಸವಾಳದ ಕುಡಿಗೆ ಬಿಳಿ ಹಿಟ್ಟು ಮೆತ್ತಿಕೊಂಡಿದೆ. ಮೆಣಸಿನ ಗಿಡದ ಎಲೆ ಮುದುಡಿದೆ. ಬೆಂಡೆಕಾಯಿ ಮುರಿದರೆ ಒಳಗೆ ಹುಳು. ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಮೂರಕ್ಕೂ ಹೊಡೆದೆ, ಏನೂ ಪ್ರಯೋಜನ ಆಗಲಿಲ್ಲ. ಅಡಿಕೆಯ ಕೊಳೆ ಔಷಧಿ ಹೊಡೆಯಬಹುದೇ? ಕೀಟನಾಶಕದಲ್ಲಿ ಎಷ್ಟು ಬಗೆ, ಮನೆಯಲ್ಲಿ ಯಾವುದು ಇಟ್ಟುಕೊಳ್ಳಬೇಕು?

ಸಂಪಾದಕರ ಉತ್ತರ:

ಕೊಳೆ ಔಷಧಿ ಬೇಡ. ಕೊಳೆ ಒಂದು ರೋಗ, ಹುಳುವಲ್ಲ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಕಲಸುವ ಆ ಬೋರ್ಡೋ ದ್ರಾವಣವನ್ನು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ನಮ್ಮ ತೋಟಗಳಲ್ಲಿ ರೂಢಿಗೆ ತಂದರು. ಅಡಿಕೆ ಗೊನೆಗೆ ಅದು ಈಗಲೂ ಆಸರೆ. ದಾಸವಾಳದ ಹಿಟ್ಟಿಗೂ ಬೆಂಡೆಯ ಹುಳುವಿಗೂ ಅದರಿಂದ ಏನೂ ಆಗುವುದಿಲ್ಲ.

ನಾವೆಲ್ಲ 'ಔಷಧಿ' ಅಂತಲೇ ಕರೆಯುತ್ತೇವೆ, ಅಲ್ವಾ? ತೊಂದರೆ ಶುರುವಾಗುವುದೇ ಅಲ್ಲಿ. ಅದು ವಿಷ. ಯಾವ ವಿಷ ಅಂತ ಕೇಳುವ ಮೊದಲು ಆ ಹುಳುವಿನ ಬಾಯಿ ಎಂಥದ್ದು ಅಂತ ನೋಡಬೇಕು. ಎಲೆ ಕಚ್ಚಿ ಅಗಿಯುತ್ತದೋ, ಸೂಜಿಯಂಥ ಮೂತಿ ಚುಚ್ಚಿ ರಸ ಹೀರುತ್ತದೋ? ಎಲೆಯಲ್ಲಿ ತೂತು ಬಿದ್ದಿದ್ದರೆ, ಕೆಳಗೆ ಹಿಕ್ಕೆ ಉದುರಿದ್ದರೆ ಅಗಿಯುವ ಹುಳು. ಎಲೆ ಹಳದಿಯಾಗಿ ಮುರುಟಿದ್ದರೆ, ಮುಟ್ಟಿದಾಗ ಅಂಟಂಟಾಗಿದ್ದರೆ ಹೀರುವ ಜಾತಿ.

ಬಗೆಗಳನ್ನು ಇದರ ಮೇಲೆಯೇ ತಿಳಿದುಕೊಂಡರೆ ಸುಲಭ. ಮೈಗೆ ತಾಗಿದರೆ ಕೊಲ್ಲುವುದು ಸ್ಪರ್ಶ ವಿಷ. ಸೇವಂತಿಗೆಯ ಬಳಗದ ಒಂದು ಹೂವಿನಿಂದ ಬರುವ ಪೈರೆಥ್ರಿನ್, ಅದನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ ಸೈಪರ್‌ಮೆಥ್ರಿನ್ ಈ ಸಾಲಿನವು. ಹುಳುವಿಗೆ ತಾಗದಿದ್ದರೆ ಸುಮ್ನೆ ಖರ್ಚು. ಎಲೆಯ ಜೊತೆ ಹೊಟ್ಟೆಗೆ ಹೋಗಿ ಕೊಲ್ಲುವುದು ಜಠರ ವಿಷ. ಬಿಟಿ ಎನ್ನುವ ಬ್ಯಾಕ್ಟೀರಿಯಾ ಪುಡಿ ಹಾಗೆ ಕೆಲಸ ಮಾಡುತ್ತದೆ. ಎಲೆ ತಿಂದ ಕಂಬಳಿಹುಳು ಸಾಯುತ್ತದೆ, ಜೇನಿಗೆ ಏನೂ ಆಗುವುದಿಲ್ಲ. ಮೂರನೆಯದು ಅಂತರ್ವ್ಯಾಪಿ. ಇಮಿಡಾಕ್ಲೋಪ್ರಿಡ್ ಅಂಥದ್ದು. ಗಿಡ ಅದನ್ನು ಹೀರಿಕೊಂಡು ರಸದಲ್ಲೆಲ್ಲ ಹರಡುತ್ತದೆ, ರಸ ಹೀರುವ ಹುಳು ಸಾಯುತ್ತದೆ. ಆದರೆ ಅದೇ ವಿಷ ಹೂವಿನ ಮಕರಂದಕ್ಕೂ ಪರಾಗಕ್ಕೂ ಹೋಗುತ್ತದೆ. ಕಾಯಿಯ ಒಳಗೆ ಸೇರಿದ್ದನ್ನು ಎಷ್ಟು ತೊಳೆದರೂ ಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಒಂದು ವರ್ಷ ಕುಂಬಳದ ಬಳ್ಳಿಗೆ ಬೆಳಿಗ್ಗೆ ಎಂಟಕ್ಕೆ ಔಷಧಿ ಹೊಡೆದೆ. ಹೂವು ಅರಳಿದ್ದ ಹೊತ್ತು. ಮಧ್ಯಾಹ್ನ ನೋಡಿದರೆ ಜಗಲಿಯ ಪಕ್ಕದ ಪೆಟ್ಟಿಗೆಯ ಬಾಗಿಲಲ್ಲಿ ತುಡುವೆ ಜೇನು ರಾಶಿ ಬಿದ್ದಿದ್ದವು. ಕೆಲವು ಮಗುಚಿ ಬಿದ್ದು ಕಾಲು ಆಡಿಸುತ್ತಿದ್ದವು. ಎರಡು ದಿನದಲ್ಲಿ ಪೆಟ್ಟಿಗೆ ಖಾಲಿ. ಆ ಸಲ ಕುಂಬಳವೂ ಸರಿಯಾಗಿ ಕಚ್ಚಲಿಲ್ಲ. ಹೂ ಬಿಟ್ಟ ಗಿಡಕ್ಕೆ ಇಂಥ ವಿಷ ಹೊಡೆಯಲೇಬೇಡಿ. ಬೇರೆ ಗಿಡಕ್ಕೆ ಹೊಡೆಯುವುದಿದ್ದರೂ ಜೇನು ಗೂಡು ಸೇರಿದ ಮೇಲೆ, ಸಂಜೆ.

ನಮ್ಮ ಕಡೆ ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿ ತೋಟದ ನೀರು ಗದ್ದೆಗೆ, ಗದ್ದೆಯದು ಹಳ್ಳಕ್ಕೆ. ಸೈಪರ್‌ಮೆಥ್ರಿನ್ ಗುಂಪಿನವು ಮೀನು, ಏಡಿಗಳಿಗೆ ಬಹಳ ಕೆಟ್ಟವು. ಗದ್ದೆಯ ಜೇಡವನ್ನೂ ಕೊಲ್ಲುತ್ತವೆ. ಜೇಡ ಹೋದರೆ ಭತ್ತದ ಕಂದು ಜಿಗಿಹುಳು ಮೊದಲಿಗಿಂತ ಜಾಸ್ತಿ ಆಗುತ್ತದೆ. ದಯವಿಟ್ಟು ಹಳ್ಳದಲ್ಲಿ ಪಂಪು ತೊಳೆಯಬೇಡಿ.

ಡಬ್ಬಿ ಕೊಳ್ಳುವಾಗ ಅದರ ಮೇಲಿನ ಬಣ್ಣದ ಚೌಕ ನೋಡಿ. ಕೆಂಪು ಅತಿ ಘೋರ, ನಂತರ ಹಳದಿ, ನೀಲಿ, ಹಸಿರು. ಹಿತ್ತಿಲಿಗೆ ಕೆಂಪು, ಹಳದಿ ಬೇಡವೇ ಬೇಡ. ಹಸಿರು ಅಂದರೂ ವಿಷವೇ, ಕೈಗವಸು ಬೇಕು. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಪಿನ ಸುತ್ತಲಿನ ಊರುಗಳು ಎಂಡೋಸಲ್ಫಾನ್ ಎನ್ನುವ ಕೀಟನಾಶಕದಿಂದ ಪಟ್ಟ ಪಾಡು ನಿಮಗೆ ಗೊತ್ತಿದೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಲ್ಲಿಯವರೆಗೆ ಅದೂ ಅಂಗಡಿಯಲ್ಲಿ ಸಿಗುತ್ತಿದ್ದ 'ಔಷಧಿ'ಯೇ ಆಗಿತ್ತು.

ಈಗ ನಿಮ್ಮ ಗಿಡಗಳು. ದಾಸವಾಳದ್ದು ಹಿಟ್ಟು ತಿಗಣೆ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ನಿಮ್ಮ ಔಷಧಿ ಜಾರಿ ಹೋಗಿರಬೇಕು. ಜಾಸ್ತಿ ಹಿಡಿದ ಕುಡಿ ಚಿವುಟಿ ಸುಡಿ. ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪಿನ ನೀರಲ್ಲಿ ಉಜ್ಜಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಕಲಸಿ ವಾರಕ್ಕೊಮ್ಮೆ ಸಂಜೆ ಹೊಡೆಯಿರಿ. ಮಳೆ ಬಂದರೆ ತೊಳೆದು ಹೋಗುತ್ತದೆ, ಹೊಳವಾದ ದಿನ ನೋಡಿ ಹೊಡೆಯಿರಿ. ಕಾಂಡದ ಮೇಲೆ ಇರುವೆ ಸಾಲು ಇದೆಯಾ ನೋಡಿ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ದನ ಕಾದಂತೆ ಕಾಯುತ್ತವೆ. ಇರುವೆ ಹತ್ತದಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಬೆಂಡೆಯ ಹುಳು ಒಳಗೆ ಕೂತಿದೆ. ಮೇಲಿನ ವಿಷ ಅದಕ್ಕೆ ತಾಗುವುದಿಲ್ಲ. ಒಳಗಿಳಿಯುವ ವಿಷ ಹಾಕಿದರೆ ನೀವೇ ತಿನ್ನುತ್ತೀರಿ. ತೂತಾದ ಕಾಯಿ, ಬಾಡಿದ ಕುಡಿ ಕಿತ್ತು ನಾಶ ಮಾಡಿ. ಹೊಸ ಕಾಯಿಗೆ ಬೇವಿನ ಎಣ್ಣೆ ಸಾಕು. ಮನೆಯಲ್ಲಿ ಇಟ್ಟುಕೊಳ್ಳಲೂ ಅಷ್ಟೇ: ಬೇವಿನ ಎಣ್ಣೆ, ಸೋಪು. ಬೇರೆ ಏನು ಬೇಕಾದರೂ ಹುಳು ಗುರುತಿಸಿದ ಮೇಲೆ, ಬೇಕಾದಷ್ಟೇ ತನ್ನಿ.

ಉಳಿದದ್ದು ಮೆಣಸು. ಎಲೆ ಯಾವ ಕಡೆಗೆ ಮುದುಡಿದೆ ಅಂತ ನೀವು ಬರೆದಿಲ್ಲ. ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್, ಅಂದರೆ ರಸ ಹೀರುವ ತೀರಾ ಸಣ್ಣ ಕೀಟ. ಕೆಳಕ್ಕೆ ಬಾಗಿ ಕವುಚಿದ್ದರೆ ನುಸಿ. ನುಸಿ ಕೀಟವೇ ಅಲ್ಲ, ಜೇಡದ ಬಳಗದ್ದು. ಹಾಗಾಗಿ ಹಲವು ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ, ನೀರಿನಲ್ಲಿ ಕರಗಿಸುವ ಗಂಧಕ ಬೇಕಾಗುತ್ತದೆ. ನಾಳೆ ಬೆಳಿಗ್ಗೆ ಒಂದು ಎಲೆ ಮಗುಚಿ ನೋಡಿ ಬರೆಯಿರಿ, ಅಲ್ಲಿಯವರೆಗೆ ಅದಕ್ಕೆ ಏನೂ ಹೊಡೆಯಬೇಡಿ.