ಅಪ್ಪನ ಕೋವಿ ಯಾರ ಹೆಸರಿಗೆ?: ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹದಿನೆಂಟು ವರ್ಷಗಳಿಂದ ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿದ್ದೇನೆ. ನಮ್ಮ ಮೂಲ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ತಂದೆಯವರು ಎಂಟು ತಿಂಗಳ ಹಿಂದೆ ತೀರಿಕೊಂಡರು. ಅವರ ಹೆಸರಿನಲ್ಲಿ ಪರವಾನಗಿ ಇದ್ದ ಜೋಡುನಳಿಗೆ ಕೋವಿಯೊಂದು ಊರಿನ ಮನೆಯ ಬೀರುವಿನಲ್ಲಿದೆ. ಪರವಾನಗಿಯ ಅವಧಿ ಮುಂದಿನ ವರ್ಷದವರೆಗೂ ಇರುವುದರಿಂದ ಅವಸರವೇನೂ ಇಲ್ಲವೆಂದು ಸುಮ್ಮನಿದ್ದೇವೆ. ಊರಿನಲ್ಲಿ ತಾಯಿಯವರೂ ತೋಟ ನೋಡಿಕೊಳ್ಳುವ ತಮ್ಮನೂ ಇದ್ದಾರೆ. ಮದುವೆಯಾದ ತಂಗಿ ಸಾಗರದಲ್ಲಿದ್ದಾಳೆ. ಹಿರಿಯ ಮಗನಾದ ನನ್ನ ಹೆಸರಿಗೇ ಕೋವಿ ಬರಬೇಕೆಂಬುದು ತಾಯಿಯವರ ಆಸೆ. ಹಬ್ಬಕ್ಕೆ ಊರಿಗೆ ಹೋದಾಗ ಅದನ್ನು ಕಾರಿನಲ್ಲಿ ತಂದು ಬೆಂಗಳೂರಿನಲ್ಲಿ ನೋಂದಾಯಿಸಿಕೊಳ್ಳಬಹುದೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ದಯವಿಟ್ಟು ತರಬೇಡಿ. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ‘ಅವಸರವೇನೂ ಇಲ್ಲ’ ಎಂಬ ಮಾತು. ಪರವಾನಗಿ ಪುಸ್ತಕದಲ್ಲಿ ಬರೆದಿರುವ ದಿನಾಂಕ ನಿಮ್ಮ ತಂದೆಯವರಿಗೆ ಕೊಟ್ಟ ಅವಧಿಯೇ ಹೊರತು ಕೋವಿಗೆ ಕೊಟ್ಟದ್ದಲ್ಲ. ಅವರು ತೀರಿಕೊಂಡ ದಿನದಿಂದ ಆ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ನಿಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಜಮೀನಿಗೆ ಪೌತಿ ಖಾತೆ ಮಾಡಿಸುವಂತೆ ಕೋವಿಯ ಖಾತೆ ಬದಲಾಯಿಸಲು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಾವು ಸಾಮಾನ್ಯವಾಗಿ ‘ನೋಂದಣಿ’ ಎನ್ನುವುದು ವಾಸ್ತವದಲ್ಲಿ ಒಬ್ಬ ವ್ಯಕ್ತಿಗೆ ಪರವಾನಗಿ ಕೊಟ್ಟು, ಅದರಲ್ಲಿ ಆಯುಧದ ಬಗೆಯನ್ನೂ ಸಂಖ್ಯೆಯನ್ನೂ ನಮೂದಿಸುವ ಕ್ರಮ. ಕೋವಿಯ ಮೇಲೆ ನಿಮಗೆ ವಾರಸು ಹಕ್ಕು ಇರಬಹುದು. ಆದರೆ ಅದನ್ನು ಕೈಯಲ್ಲಿ ಹಿಡಿಯುವ ಹಕ್ಕು ಪರವಾನಗಿ ದೊರೆತ ಮೇಲಷ್ಟೇ ಹುಟ್ಟುತ್ತದೆ.

ಇಂಥ ಸ್ಥಿತಿಯಲ್ಲಿ ಏನು ಮಾಡಬೇಕೆಂಬುದನ್ನು ಕಾಯ್ದೆಯ 21ನೆಯ ಕಲಮು ಹೇಳುತ್ತದೆ. ಯಾವುದೇ ಕಾರಣದಿಂದ ಆಯುಧವನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲದಂತಾದರೆ, ಅನಗತ್ಯ ವಿಳಂಬ ಮಾಡದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ಮಾರಾಟಗಾರರಲ್ಲಿ ಠೇವಣಿ ಇಡಬೇಕು. ಎಂಟು ತಿಂಗಳು ಕಡಿಮೆ ಅವಧಿಯಲ್ಲ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷಗಳಿಂದ 5 ವರ್ಷಗಳವರೆಗೆ ಸೆರೆವಾಸವೂ ದಂಡವೂ ಇವೆ. ಹೆದರಿಸಲು ಈ ಮಾತು ಹೇಳುತ್ತಿಲ್ಲ. ನಾನು ಬಲ್ಲ ಒಂದು ಕುಟುಂಬದಲ್ಲಿ ತಂದೆಯ ಕೋವಿ ನಾಲ್ಕು ವರ್ಷ ಅಟ್ಟದ ಮೇಲೆಯೇ ಉಳಿದಿತ್ತು. ಹೆಂಚು ಇಳಿಸಲು ಬಂದವರ ಕಣ್ಣಿಗೆ ಅದು ಬಿದ್ದು, ಸುದ್ದಿ ಠಾಣೆ ಮುಟ್ಟಿ, ಯಾವ ದುರುದ್ದೇಶವೂ ಇಲ್ಲದ ಹಿರಿಯ ಮಗ ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ತಾವಾಗಿ ಹೋಗಿ ಒಪ್ಪಿಸಿದವರನ್ನು ಠಾಣೆಯವರು ನೋಡುವ ರೀತಿಗೂ ಶೋಧನೆಯಲ್ಲಿ ಸಿಕ್ಕಿಬಿದ್ದವರನ್ನು ನೋಡುವ ರೀತಿಗೂ ಬಹಳ ಅಂತರವಿದೆ. ಆದ್ದರಿಂದ ಹಬ್ಬದವರೆಗೆ ಕಾಯಬೇಡಿ.

ನಿಮ್ಮ ತಾಯಿಯವರಿಂದಾಗಲಿ ತಮ್ಮನಿಂದಾಗಲಿ ಊರಿನ ವ್ಯಾಪ್ತಿಯ ಠಾಣಾಧಿಕಾರಿಗೆ ಒಂದು ಪತ್ರ ಬರೆಸಿ, ಮರಣ ಪ್ರಮಾಣಪತ್ರದ ಪ್ರತಿಯನ್ನೂ ಪರವಾನಗಿ ಪುಸ್ತಕದ ಪ್ರತಿಯನ್ನೂ ಲಗತ್ತಿಸಿ, ತಡವಾದುದಕ್ಕೆ ಇದ್ದ ಕಾರಣವನ್ನು ಇದ್ದಂತೆಯೇ ತಿಳಿಸಿ. ಕೋವಿಯನ್ನು ಠಾಣೆಗೆ ತಲುಪಿಸುವುದು ಹೇಗೆಂದು ಮೊದಲು ಅವರನ್ನೇ ಕೇಳಿ, ಅವರು ಹೇಳಿದಂತೆ ನಡೆದುಕೊಳ್ಳಿ. ಪರವಾನಗಿದಾರರ ಲಿಖಿತ ಒಪ್ಪಿಗೆಯಿಂದ ರಿಪೇರಿಗೋ ನವೀಕರಣಕ್ಕೋ ಬೇರೆಯವರು ಆಯುಧ ಒಯ್ಯುವ ಅವಕಾಶ ಕಾಯ್ದೆಯಲ್ಲಿದೆ, ನಿಜ. ಒಪ್ಪಿಗೆ ಕೊಡಬೇಕಾದ ಪರವಾನಗಿದಾರರೇ ಈಗ ಇಲ್ಲವಾದ್ದರಿಂದ ಅದು ನಿಮಗೆ ಅನ್ವಯಿಸುವುದಿಲ್ಲ. ಬೀರುವಿನಲ್ಲಿ ಉಳಿದ ತೋಟಾಗಳನ್ನೂ ಎಣಿಸಿ ಜೊತೆಯಲ್ಲಿಯೇ ಒಪ್ಪಿಸಿ. ಕೋವಿ ಕೊಟ್ಟು ತೋಟಾಗಳನ್ನು ಮರೆತರೆ ಅದೇ ಇನ್ನೊಂದು ಪ್ರಕರಣವಾಗುತ್ತದೆ.

ಒಪ್ಪಿಸುವಾಗ ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿ. ನಳಿಗೆಯ ಬುಡದಲ್ಲಿ, ಹಿಡಿ ಸೇರುವ ಜಾಗದ ಸುತ್ತಮುತ್ತ, ಕೊರೆದ ಅಥವಾ ಅಚ್ಚೊತ್ತಿದ ಸಂಖ್ಯೆ ಇರುತ್ತದೆ. ಹಳೆಯ ಕೋವಿಗಳಲ್ಲಿ ಎಣ್ಣೆಯೂ ಧೂಳೂ ಸೇರಿ ಅದು ಮುಚ್ಚಿಹೋಗಿರುತ್ತದೆ. ಪರವಾನಗಿ ಪುಸ್ತಕದಲ್ಲಿ 1 ಎಂದು ಬರೆದಿರುವುದು ಕಬ್ಬಿಣದ ಮೇಲೆ 7 ಆಗಿರುವುದನ್ನು ನಾನೇ ನೋಡಿದ್ದೇನೆ; ಯಾವುದೋ ಕಾಲದ ಗುಮಾಸ್ತರ ಕೈಬರಹದ ತಪ್ಪು ಮೂವತ್ತು ವರ್ಷಗಳ ನಂತರ ವಾರಸುದಾರರ ಅರ್ಜಿಯನ್ನು ತಡೆಹಿಡಿದಿತ್ತು. ಠಾಣೆಯವರು ಸಂಖ್ಯೆಯನ್ನು ಓದುವಾಗ ನೀವೂ ಓದಿ, ಅದೇ ಸಂಖ್ಯೆ ರಸೀದಿಯಲ್ಲಿ ಬಂದಿದೆಯೇ ಎಂದು ನೋಡಿ, ಪುಸ್ತಕದೊಡನೆ ಹೊಂದದಿದ್ದರೆ ಅಲ್ಲಿಯೇ ಬರೆಸಿ. ಸಂಖ್ಯೆ ಕಾಣುವುದಿಲ್ಲವೆಂದು ಮರಳು ಕಾಗದದಿಂದ ಉಜ್ಜಲು ಹೋಗಬೇಡಿ. ಗುರುತಿನ ಸಂಖ್ಯೆಯನ್ನು ಅಳಿಸುವುದೇ ಪ್ರತ್ಯೇಕ ಅಪರಾಧ.

ಇನ್ನು ಹೆಸರಿನ ಪ್ರಶ್ನೆ. ಪರವಾನಗಿದಾರರು ತೀರಿಕೊಂಡಾಗ ಅವರ ಕಾನೂನುಬದ್ಧ ವಾರಸುದಾರರಿಗೆ ಪರವಾನಗಿ ಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. (ಪರವಾನಗಿದಾರರಿಗೆ 70 ವರ್ಷ ತುಂಬಿದಾಗ, ಇಲ್ಲವೇ ಅವರು ಆಯುಧವನ್ನು 25 ವರ್ಷ ಇಟ್ಟುಕೊಂಡಿದ್ದಾಗ, ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ಬಿಟ್ಟುಕೊಡಬಹುದೆಂಬ ನಿಯಮವೂ ಇದೆ. ಮನೆಯಲ್ಲಿ ಹಿರಿಯರ ಹೆಸರಿನ ಕೋವಿ ಇರುವ ಇತರ ಓದುಗರು ಈ ಮಾತನ್ನು ಇಂದೇ ಅವರೊಡನೆ ಆಡುವುದು ಒಳ್ಳೆಯದು.) ನೀವು ಅರ್ಜಿ ಹಾಕುವುದಾದರೆ ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು, ಅವರ ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲಿದೆ. ನಿಮ್ಮ ತಮ್ಮ ಅರ್ಜಿ ಹಾಕುವುದಾದರೆ ಅದು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಶಿವಮೊಗ್ಗ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತದೆ.

ನನ್ನ ಸಲಹೆ ಕೇಳಿದರೆ, ತಮ್ಮನ ಹೆಸರಿಗೇ ಅರ್ಜಿ ಹಾಕಿಸಿ. ಮೊದಲು ಪುಸ್ತಕವನ್ನು ತೆರೆದು ತಂದೆಯವರಿಗೆ ಪರವಾನಗಿ ಯಾವ ಉದ್ದೇಶಕ್ಕೆ ಸಿಕ್ಕಿತ್ತೆಂದು ನೋಡಿ. ಮಲೆನಾಡಿನ ಬಹುಪಾಲು ಕೋವಿಗಳಂತೆ ಅದೂ ಬೆಳೆ ರಕ್ಷಣೆಗೆಂದು ಕೊಟ್ಟದ್ದಾಗಿದ್ದರೆ, ಆ ಪರವಾನಗಿ ಸಾಗುವಳಿಯ ಜಮೀನಿಗೆ ಅಂಟಿಕೊಂಡದ್ದು. ವಿಜಯನಗರದ ಮನೆಯಲ್ಲಿ ಕಾಯಬೇಕಾದ ಅಡಿಕೆ ತೋಟವಿಲ್ಲ. ಸ್ವರಕ್ಷಣೆಗೆಂದು ಹೊಸದಾಗಿ ಕೇಳಿದರೆ ನಿಮಗಿರುವ ಅಪಾಯವೇನೆಂದು ಅಧಿಕಾರಿಗಳು ಕೇಳುತ್ತಾರೆ; ತಂದೆಯವರ ನೆನಪು ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ತಾಯಿಯವರ ಆಸೆಯ ಹಿಂದಿರುವ ಮಮತೆ ನನಗೆ ಅರ್ಥವಾಗುತ್ತದೆ. ಆದರೆ ಕೋವಿ ಅದೇ ಮನೆಯಲ್ಲಿ, ಅದೇ ತೋಟದಲ್ಲಿ ದುಡಿಯುವ ಮಗನ ಕೈಯಲ್ಲಿ ಉಳಿದರೆ ಅವರ ಕಣ್ಣೆದುರಿಗೇ ಇರುತ್ತದೆ ಎಂದು ಅವರಿಗೆ ತಿಳಿಹೇಳಿ. ಪರವಾನಗಿ ಸಿಕ್ಕಿತೆಂದು ಕಾಡುಪ್ರಾಣಿಯನ್ನು ಹೊಡೆಯುವ ಅನುಮತಿಯೂ ಸಿಕ್ಕಿತೆಂದು ತಮ್ಮ ತಿಳಿಯಬಾರದು. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ.

ಅರ್ಜಿಯೊಂದಿಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಠೇವಣಿಯ ರಸೀದಿ, ಮೂಲ ಪರವಾನಗಿ ಪುಸ್ತಕ, ಉಳಿದ ವಾರಸುದಾರರ ನಿರಾಕ್ಷೇಪಣೆಯ ಪ್ರಮಾಣಪತ್ರ ಬೇಕಾಗುತ್ತವೆ. ಮದುವೆಯಾಗಿ ಹೋದ ತಂಗಿಯ ಸಹಿ ಏಕೆ ಎಂದು ಅನೇಕರು ಕೇಳುತ್ತಾರೆ. ಅವರೂ ವಾರಸುದಾರರೇ, ಸಹಿ ಬೇಕು. ಇವಲ್ಲದೆ ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪತ್ರ, ಬಂದೂಕು ಬಳಕೆಯ ಸುರಕ್ಷತಾ ತರಬೇತಿಯ ಪತ್ರ, ಆಯುಧವನ್ನು ಬೀಗವಿರುವ ಉಕ್ಕಿನ ಬೀರುವಿನಲ್ಲಿ ಇಡುತ್ತೇನೆಂಬ ಮುಚ್ಚಳಿಕೆಯೂ ಇರಬೇಕು. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆ ತಮ್ಮ ಈಗಿನಿಂದಲೇ ವಿಚಾರಿಸಲಿ. ಠಾಣೆಯ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂಬ ಕಾಲಮಿತಿ ನಿಯಮದಲ್ಲಿದೆ. ಸ್ವೀಕೃತಿ ಪತ್ರ ಕೈಯಲ್ಲಿದ್ದರೆ ಮಾತ್ರ ಆ ಮಿತಿಯನ್ನು ನೆನಪಿಸಲು ನಿಮಗೆ ಬಾಯಿ ಇರುತ್ತದೆ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು, 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಯಾರಿಗೂ ಬೇಡವೆಂದಾದರೆ, ಠೇವಣಿಯಲ್ಲಿರುವ ಕೋವಿಯನ್ನು ಪರವಾನಗಿ ಉಳ್ಳವರಿಗೆ ಮಾರುವ ಹಕ್ಕು ವಾರಸುದಾರರಿಗೆ ಇದೆ.

ಕೊಡಗಿನ ಸ್ನೇಹಿತರೊಬ್ಬರು ‘ಪರವಾನಗಿಯೇ ಬೇಡ’ ಎಂದು ನಿಮಗೆ ಹೇಳಿದ್ದರೆ, ಅದು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ನೀಡಿರುವ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಗೊಂಡ ವಿನಾಯಿತಿ. ತೀರ್ಥಹಳ್ಳಿಯ ನಿಮ್ಮ ಕುಟುಂಬಕ್ಕೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಸೈನಿಕ. ವಿಜಯಪುರ ಜಿಲ್ಲಾಧಿಕಾರಿಗಳು ಕೊಟ್ಟ ಪರವಾನಗಿಯಲ್ಲಿ ಒಂದು ರಿವಾಲ್ವರ್ ಇದೆ. ಮೂರು ತಿಂಗಳ ಹಿಂದೆ ಮಗಳ ಮನೆಗೆಂದು ಬೆಂಗಳೂರಿಗೆ ಶಾಶ್ವತವಾಗಿ ಬಂದೆ, ರಿವಾಲ್ವರ್ ಜೊತೆಯಲ್ಲಿದೆ. ನವೀಕರಣದ ಸಮಯದಲ್ಲಿ ವಿಳಾಸ ಬದಲಾಯಿಸಿದರೆ ಸಾಕಲ್ಲವೇ?
– ಓದುಗರು, ಯಲಹಂಕ

ಉತ್ತರ: ಸಾಲದು. ಶಾಶ್ವತವಾಗಿ ಮಾತ್ರವಲ್ಲ, ತಾತ್ಕಾಲಿಕವಾಗಿಯಾದರೂ ಸತತ 30 ದಿನಗಳಿಗಿಂತ ಹೆಚ್ಚು ಕಾಲ ಆಯುಧದೊಡನೆ ಬೇರೆಡೆ ನೆಲೆಸಿದರೆ, ಅಂಥ ಬದಲಾವಣೆಯಾದ 30 ದಿನಗಳೊಳಗೆ ಹಳೆಯ ಊರಿನ ಹಾಗೂ ಹೊಸ ಊರಿನ ಪರವಾನಗಿ ಅಧಿಕಾರಿಗಳಿಬ್ಬರಿಗೂ ತಿಳಿಸಬೇಕೆಂಬುದು ಪರವಾನಗಿಯ ಷರತ್ತು. ನಿಮ್ಮ ಪುಸ್ತಕದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಷರತ್ತುಗಳನ್ನು ಓದಿ ನೋಡಿ. ಷರತ್ತು ಮೀರಿದರೆ ಪರವಾನಗಿಯನ್ನು ಅಮಾನತಿನಲ್ಲಿಡಲು, ರದ್ದುಪಡಿಸಲು ಅಧಿಕಾರವಿದೆ. ಈ ವಾರವೇ ಎರಡೂ ಕಚೇರಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ತಡವಾದುದನ್ನು ಒಪ್ಪಿಕೊಂಡು, ಪರವಾನಗಿಯನ್ನೂ ಆಯುಧವನ್ನೂ ಹಾಜರುಪಡಿಸಲು ಸಿದ್ಧನಿದ್ದೇನೆಂದು ಬರೆಯಿರಿ. ಇಲ್ಲಿಯ ದಾಖಲೆಗೆ ಸೇರಿದ ಮೇಲೆ ನವೀಕರಣವೂ ಬೆಂಗಳೂರಿನಲ್ಲಿಯೇ ಆಗುತ್ತದೆ.

ಪುಸ್ತಕದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಬರೆದಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ ಈ ಸಂಖ್ಯೆ ಪಡೆಯದ ಪರವಾನಗಿ ಮಾನ್ಯವಲ್ಲ. ಊರಿನಲ್ಲಿ ಇನ್ನೂ ಆಯುಧಗಳಿದ್ದರೆ, 2019ರ ತಿದ್ದುಪಡಿಯಂತೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು, ಪರವಾನಗಿಯ ಅವಧಿ ಮೂರು ವರ್ಷವಿತ್ತು, ಈಗ ಐದಾಗಿದೆ. ಚುನಾವಣೆ ಘೋಷಣೆಯಾದಾಗ ಆಯುಧ ಠೇವಣಿ ಇಡುವಂತೆ ಬರುವ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ನೀವು ಕಾಣದೆ ಉಳಿದರೆ ತಪ್ಪು ನಿಮ್ಮದೇ ಆಗುತ್ತದೆ. ವಿಳಾಸದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಅದೂ ಒಂದು ಕಾರಣ.

ಮಗಳ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ, ಗುಂಡುಗಳನ್ನು ಒಂದು ಬೀಗದಲ್ಲಿ, ರಿವಾಲ್ವರನ್ನು ಇನ್ನೊಂದು ಬೀಗದಲ್ಲಿ ಇಟ್ಟು, ಎರಡೂ ಕೀಲಿಗಳನ್ನು ನಿಮ್ಮ ಮೈಮೇಲೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗಳು ಹತ್ತು ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಸ್ವಂತ ರೈಫಲ್ ಕೊಳ್ಳಲು ಪರವಾನಗಿ ಬೇಕೇ?
– ಗೃಹಿಣಿ, ಮೈಸೂರು

ಉತ್ತರ: ನಳಿಗೆಯ ವ್ಯಾಸ 0.177 ಅಂಗುಲ, ಅಂದರೆ 4.5 ಮಿಲಿಮೀಟರ್ ಮೀರದೆ, ಗುಂಡಿನ ಶಕ್ತಿ 20 ಜೂಲ್ ದಾಟದೆ ಇದ್ದರೆ ಬೇಡ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳು ಈ ಮಿತಿಯೊಳಗೇ ಇರುತ್ತವೆ. ನಿಮ್ಮ ಗುರುತಿನ ಚೀಟಿ ಕೊಟ್ಟು, ನಿಮ್ಮ ಹೆಸರಿನಲ್ಲಿಯೇ ಕೊಂಡು, ಮಾದರಿಯೂ ಸಂಖ್ಯೆಯೂ ಬರೆದಿರುವ ಬಿಲ್ಲನ್ನು ರೈಫಲ್‌ನ ಪೆಟ್ಟಿಗೆಯಲ್ಲಿಯೇ ಇಡಿ. ಬಸ್ ನಿಲ್ದಾಣದಲ್ಲಿ ಪೊಲೀಸರು ತಡೆದು ಕೇಳಿದಾಗ ಅದೊಂದೇ ಕಾಗದ ಮಗುವಿನ ಮುಜುಗರವನ್ನು ತಪ್ಪಿಸುತ್ತದೆ. ಮುಂದೆ ಅವಳು 0.22 ರೈಫಲ್‌ಗೆ ಹೋಗುವುದಾದರೆ ಅದು ಪರವಾನಗಿ ಬೇಕಾದ ಬಂದೂಕು, ಸಾಮಾನ್ಯವಾಗಿ ಪರವಾನಗಿಗೆ 21 ವರ್ಷ ತುಂಬಿರಬೇಕು. ತರಬೇತಿಯಲ್ಲಿರುವ ಕಿರಿಯರಿಗೆ ಇರುವ ಪ್ರತ್ಯೇಕ ಅವಕಾಶದ ಬಗ್ಗೆ, ಆಯುಧ ಕೊಳ್ಳುವ ಮೊದಲೇ ಅವಳ ರೈಫಲ್ ಕ್ಲಬ್ಬಿನ ಕಾರ್ಯದರ್ಶಿಯವರೊಡನೆ ಕುಳಿತು ಮಾತನಾಡಿ.